ಪಾತ್ರ ಸೋಶಿಯೋಪಾತೋ, ಬೈಪೋಲಾರೋ? ಕಥೆಯೊಳಗೆ ಗುರುತು ಹಿಡಿಯುವ ಬಗೆ

ಇಬ್ಬರು ತಮ್ಮಂದಿರನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಬ್ಬ ಕಿರಣ, ಇನ್ನೊಬ್ಬ ವಸಂತ. ಇಬ್ಬರೂ ಈ ಬರಹಕ್ಕೆಂದೇ ನಾನು ಕಟ್ಟಿಕೊಂಡ ಪಾತ್ರಗಳು. ಇಬ್ಬರೂ ತಂತಮ್ಮ ಅಕ್ಕನಿಗೆ ಹೇಳದೆ ಅವಳ ಖಾತೆಯಿಂದ ಹಣ ತೆಗೆಯುತ್ತಾರೆ. ಮೂರೇ ದಿನದಲ್ಲಿ ಅಷ್ಟೂ ಖಾಲಿ. ಕೇಳಿದರೆ ಇಲ್ಲಸಲ್ಲದ ಮಾತು. ಜೋರು ಮಾಡಿದರೆ ಸಿಡುಕು. ಇಷ್ಟು ಓದಿದವರು ಇಬ್ಬರಿಗೂ ಒಂದೇ ಹಣೆಪಟ್ಟಿ ಹಚ್ಚಿಬಿಡುತ್ತಾರೆ. ಆದರೆ ಕಿರಣನಿಗೆ ಇರುವುದು ಬೈಪೋಲಾರ್ ಕಾಯಿಲೆ. ವಸಂತ ಸೋಶಿಯೋಪಾತ್.

ನಾನು ಹಲವು ವರ್ಷಗಳಿಂದ ಬೇರೆಯವರ ಕಥೆ, ಕಾದಂಬರಿಗಳ ಕರಡು ಓದಿ ಅಭಿಪ್ರಾಯ ಹೇಳುತ್ತಾ ಬಂದಿದ್ದೇನೆ. ಅವುಗಳಲ್ಲಿ ಈ ಗೊಂದಲ ಮತ್ತೆ ಮತ್ತೆ ಕಾಣುತ್ತದೆ. ಒಮ್ಮೆ ಒಂದು ಕರಡಿನಲ್ಲಿ, ಮೂರು ಕೊಲೆ ಮಾಡಿ ನಗುತ್ತಾ ಕೂತ ಪಾತ್ರವೊಂದನ್ನು ಕೊನೆಯ ಅಧ್ಯಾಯದಲ್ಲಿ ‘ಬೈಪೋಲಾರ್ ರೋಗಿ’ ಎಂದು ಬಿಡಿಸಿ ಹೇಳಲಾಗಿತ್ತು. ನನ್ನ ಆಪ್ತ ಗೆಳತಿಯೊಬ್ಬಳು ಈ ಕಾಯಿಲೆಯ ಜೊತೆ ಬದುಕುತ್ತಿದ್ದಾಳೆ. ಆ ಪುಟ ಅವಳ ಕಣ್ಣಿಗೂ ಬಿತ್ತು. ಓದಿ, ಹಾಳೆ ಮಡಚಿಟ್ಟು, ‘ಜನ ನನ್ನನ್ನು ಹೀಗೆ ಅಂದ್ಕೊಂಡಿದ್ದಾರಾ?’ ಎಂದಳು. ನನಗೆ ಉತ್ತರ ಹೇಳಲು ಆಗಲಿಲ್ಲ. ಅಂದಿನಿಂದ ಈ ವಿಷಯವನ್ನು ಶ್ರದ್ಧೆಯಿಂದ ಓದಿಕೊಂಡೆ. ಓದುಗರಿಗೂ ಬರೆಯುವವರಿಗೂ ಉಪಯೋಗಕ್ಕೆ ಬರಲಿ ಎಂದು ನಾನು ಅನುಸರಿಸುವ ಹಂತಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಕಥೆಯ ಪಾತ್ರಗಳಿಗೆ ಮಾತ್ರ. ಜೀವಂತ ಮನುಷ್ಯರ ವಿಷಯಕ್ಕೆ ಮನೋವೈದ್ಯರೇ ಬೇಕು.

ಶುರು ಮಾಡುವ ಮುಂಚೆ: ಎರಡು ಹೆಸರುಗಳ ಅರ್ಥ

ಸೋಶಿಯೋಪಾತ್ ಎನ್ನುವುದು ಇವತ್ತು ವೈದ್ಯರು ಚೀಟಿಯಲ್ಲಿ ಬರೆಯುವ ಹೆಸರಲ್ಲ. ಮನಸ್ಸಿನ ಕಾಯಿಲೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ 1952ರಲ್ಲಿ ತಂದ ಕೈಪಿಡಿ ಡಿಎಸ್‌ಎಂ. ಅದರ ಮೊದಲ ಆವೃತ್ತಿಯಲ್ಲಿ ಆ ಪದ ಇತ್ತು. 1980ರ ಮೂರನೆಯ ಆವೃತ್ತಿಯ ಹೊತ್ತಿಗೆ ‘ಸಮಾಜವಿರೋಧಿ ವ್ಯಕ್ತಿತ್ವ ದೋಷ’ ಎಂಬ ಹೆಸರು ನಿಂತಿತು. ಅಂದರೆ ಇದು ವ್ಯಕ್ತಿತ್ವಕ್ಕೆ ಸಂಬಂಧಪಟ್ಟದ್ದು. ಮನುಷ್ಯ ಬೇರೆಯವರ ಜೊತೆ ನಡೆದುಕೊಳ್ಳುವ ರೀತಿಯೇ ಹಾಗೆ. ಬೇರೆಯವರ ಹಕ್ಕು, ನೋವು, ನಂಬಿಕೆ ಯಾವುದೂ ಅವನಿಗೆ ಲೆಕ್ಕಕ್ಕಿಲ್ಲ.

ಬೈಪೋಲಾರ್ ಮನಸ್ಥಿತಿಯ ಕಾಯಿಲೆ. ಮೊದಲು ಇದನ್ನು ಮ್ಯಾನಿಕ್ ಡಿಪ್ರೆಶನ್ ಎನ್ನುತ್ತಿದ್ದರು. ಕಾಕತಾಳೀಯವೋ ಏನೋ, ಇದರ ಹೆಸರೂ ಅದೇ 1980ರ ಆವೃತ್ತಿಯಲ್ಲಿ ಬದಲಾಯಿತು. ಒಂದು ಕಡೆ ಮೇನಿಯಾ, ಅಂದರೆ ಉನ್ಮಾದದ ಏರು. ಇನ್ನೊಂದು ಕಡೆ ಡಿಪ್ರೆಶನ್, ಅಂದರೆ ಖಿನ್ನತೆಯ ಇಳಿತ. ನಡುವೆ ಮನುಷ್ಯ ತಾನು ತಾನಾಗಿರುವ ದಿನಗಳು. ಈ ನಡುವಿನ ದಿನಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ನಮ್ಮ ಅರ್ಧ ಕೆಲಸ ಮಾಡಿಕೊಡುವುದು ಅವೇ.

ಹಂತ 1: ದೃಶ್ಯ ಬಿಡಿ, ಕ್ಯಾಲೆಂಡರ್ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಕಥೆ ನಡೆಯುವ ಕಾಲವನ್ನು ತಿಂಗಳುಗಳಾಗಿ ಗೆರೆ ಹಾಕಿ. ಕಥೆ ಹಿಂದೆ ಮುಂದೆ ಜಿಗಿಯುತ್ತಿದ್ದರೆ ಮೊದಲು ಅದನ್ನು ಸಾಲಾಗಿ ಜೋಡಿಸಿ. ಆಮೇಲೆ ಪಾತ್ರ ಮಾಡಿದ ಕೆಟ್ಟ ಕೆಲಸಗಳನ್ನು ಚುಕ್ಕಿಗಳಾಗಿ ಇಡುತ್ತಾ ಹೋಗಿ. ಸುಳ್ಳು, ಮೋಸ, ಜಗಳ, ಮಿತಿಮೀರಿದ ಖರ್ಚು, ಹಿಂದೆಮುಂದೆ ನೋಡದೆ ಕಟ್ಟಿಕೊಂಡ ಸಂಬಂಧ, ಎಲ್ಲವೂ.

ಈಗ ಹಾಳೆಯನ್ನು ಸ್ವಲ್ಪ ದೂರ ಹಿಡಿದು ನೋಡಿ. ಚುಕ್ಕಿಗಳು ಒಂದೆರಡು ಕಡೆ ಗುಂಪಾಗಿ ಬಿದ್ದಿವೆಯಾ, ಇಲ್ಲಾ ಉದ್ದಕ್ಕೂ ಚೆಲ್ಲಿವೆಯಾ? ಗುಂಪಾಗಿದ್ದು ನಡುವೆ ತಿಂಗಳುಗಟ್ಟಲೆ ಖಾಲಿ ಜಾಗ ಇದ್ದರೆ ಬೈಪೋಲಾರ್ ಕಡೆ ಯೋಚಿಸಿ. ಕಷ್ಟವೋ ಸುಖವೋ, ಉದ್ದಕ್ಕೂ ಒಂದೇ ಸಮನೆ ಚುಕ್ಕಿ ಬಿದ್ದಿದ್ದರೆ ಅದು ವ್ಯಕ್ತಿತ್ವದ ಮಾತು. ಜ್ವರ ಬರುತ್ತದೆ, ಏರುತ್ತದೆ, ಇಳಿಯುತ್ತದೆ. ಸ್ವಭಾವ ಹಾಗೆ ಬಂದು ಹೋಗುವುದಿಲ್ಲ.

ಬೈಪೋಲಾರ್‌ನ ಗುಂಪುಗಳಿಗೆ ಅಳತೆಯೂ ಇದೆ. ಡಿಎಸ್‌ಎಂ ಪ್ರಕಾರ ಮೇನಿಯಾ ಎನ್ನಬೇಕಾದರೆ ಆ ಸ್ಥಿತಿ ಕನಿಷ್ಠ 1 ವಾರ, ಹೆಚ್ಚುಕಡಿಮೆ ದಿನವಿಡೀ ಇರಬೇಕು. ಆಸ್ಪತ್ರೆಗೆ ಸೇರಿಸುವಷ್ಟು ಜೋರಾಗಿದ್ದರೆ ಮಾತ್ರ ಈ ಲೆಕ್ಕ ಬೇಡ. ಇದಕ್ಕಿಂತ ಹಗುರವಾದ ಹೈಪೋಮೇನಿಯಾಕ್ಕೆ ಕನಿಷ್ಠ 4 ದಿನ. ಡಿಪ್ರೆಶನ್‌ಗೆ ಕನಿಷ್ಠ 2 ವಾರ. ವರ್ಷದೊಳಗೆ 4 ಅಥವಾ ಅದಕ್ಕಿಂತ ಜಾಸ್ತಿ ಸಲ ಹೀಗಾದರೆ ಅದನ್ನೇ ವೈದ್ಯರು ವೇಗದ ಏರಿಳಿತ ಎನ್ನುತ್ತಾರೆ. ಗಮನಿಸಿ, ವರ್ಷಕ್ಕೆ ನಾಲ್ಕು!

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕಥೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ. ಪಾತ್ರ ಬಾಗಿಲ ಬಳಿ ಮುದ್ದು ಮಾಡುತ್ತದೆ, ಊಟದ ಹೊತ್ತಿಗೆ ತಟ್ಟೆ ಎಸೆಯುತ್ತದೆ, ಮಲಗುವ ಮುಂಚೆ ಮತ್ತೆ ಮುದ್ದು ಮಾಡುತ್ತದೆ. ಪಕ್ಕದಲ್ಲಿದ್ದವರು ‘ಅವನು ಬೈಪೋಲಾರ್’ ಎನ್ನುತ್ತಾರೆ. ಗಂಟೆಗೊಂದು ಬಣ್ಣ ಬದಲಿಸುವುದು ಬೈಪೋಲಾರ್‌ನ ಗುರುತಲ್ಲ. ಹೆದರಿಸಿ, ಮುದ್ದಿಸಿ, ಮತ್ತೆ ಹೆದರಿಸಿ ಇನ್ನೊಬ್ಬರನ್ನು ಹಿಡಿತದಲ್ಲಿ ಇಟ್ಟುಕೊಳ್ಳುವ ಕ್ರಮ ಅದಾಗಿದ್ದರೆ ವಸಂತನ ಕಡೆ ನೋಡಬೇಕು. ಅಥವಾ ಆ ಪಾತ್ರ ಬರೀ ಕೋಪಿಷ್ಠ ಇರಬಹುದು. ಕೋಪಕ್ಕೆಲ್ಲಾ ಕಾಯಿಲೆಯ ಹೆಸರು ಬೇಕಿಲ್ಲ.

ಹಂತ 2: ನಿದ್ದೆಯ ಲೆಕ್ಕ ಹಾಕಿ

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ನಂಬಿಕಸ್ಥ ಸಾಕ್ಷಿ ನಿದ್ದೆ. ಪಾತ್ರದ ಬಾಯಿ ಸುಳ್ಳು ಹೇಳಬಹುದು. ಮೈ ಅಷ್ಟು ಸುಲಭವಾಗಿ ಸುಳ್ಳು ಹೇಳುವುದಿಲ್ಲ. ಕಿರಣನ ಮನೆಯೊಳಗೆ ಒಮ್ಮೆ ಹೋಗಿ ನೋಡೋಣ.

ಬೆಳಗಿನ ಜಾವ ಮೂರು ಗಂಟೆ. ಕಪಾಟಿನ ಪುಸ್ತಕಗಳೆಲ್ಲ ನೆಲದ ಮೇಲಿವೆ. ಅರ್ಧದಷ್ಟನ್ನು ಬಣ್ಣದ ಪ್ರಕಾರ ಜೋಡಿಸಿಟ್ಟು ಅಲ್ಲಿಗೇ ಬಿಟ್ಟಿದ್ದಾನೆ. ಈಗ ಗೋಡೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ನಕ್ಷೆ ಬರೆಯುತ್ತಿದ್ದಾನೆ. ಕಿವಿಗೆ ಫೋನ್.

‘ಅಕ್ಕಾ, ಎದ್ದಿದೀಯಾ? ಕೇಳಿಲ್ಲಿ, ಮನೆ ಮನೆಗೂ ಹೋಗೋ ಲೈಬ್ರರಿ, ಗಾಡಿ ಮೇಲೆ, ಗಾಡಿಗೆ ಹಸಿರು ಬಣ್ಣ, ಹಸಿರು ಅಂದ್ರೆ ಕಣ್ಣಿಗೆ ತಂಪು, ಕಣ್ಣಿನ ಡಾಕ್ಟರ್ ಒಬ್ಬರು ಸಿಕ್ಕಿದ್ರು, ಅವ್ರಿಗೂ ಹೇಳಿದೀನಿ, ಅವ್ರೂ ಬರ್ತಾರೆ...’

‘ಕಿರಣ, ಮೊನ್ನೆಯಿಂದ ನೀನು ಮಲಗೇ ಇಲ್ವಲ್ಲೋ.’

‘ನಿದ್ದೆ ಯಾಕೆ ಬೇಕು ಅಕ್ಕಾ? ನಂಗೆ ಒಂದು ಚೂರೂ ಸುಸ್ತಿಲ್ಲ. ಇಷ್ಟು ವರ್ಷ ಸುಮ್ನೆ ಮಲಗಿ ಕಾಲ ಕಳೆದೆ ಅನ್ಸುತ್ತೆ.’

ಇಲ್ಲಿ ಏನೇನು ಸಿಕ್ಕಿತು? ನಿದ್ದೆ ಇಲ್ಲ, ಆದರೆ ಸುಸ್ತೂ ಇಲ್ಲ. ಮಾತು ನಿಲ್ಲುತ್ತಿಲ್ಲ. ಲೈಬ್ರರಿಯಿಂದ ಬಣ್ಣಕ್ಕೆ, ಬಣ್ಣದಿಂದ ಕಣ್ಣಿನ ಡಾಕ್ಟರಿಗೆ ಯೋಚನೆ ಹಾರುತ್ತಿದೆ. ಹಿಡಿದ ಕೆಲಸ ಮುಗಿಯುವ ಮೊದಲೇ ಇನ್ನೊಂದು. ತನ್ನ ಬಗ್ಗೆ, ತನ್ನ ಯೋಜನೆಯ ಬಗ್ಗೆ ಮಿತಿಮೀರಿದ ಭರವಸೆ. ಅಕ್ಕನ ಹಣ ಈ ಗಾಡಿಗೇ ಹೋಗಿದೆ. ಡಿಎಸ್‌ಎಂ ಮೇನಿಯಾಕ್ಕೆ ಏಳು ಲಕ್ಷಣ ಪಟ್ಟಿ ಮಾಡುತ್ತದೆ. ಮನಸ್ಸು ಉಬ್ಬಿ, ಮೈಯಲ್ಲಿ ಶಕ್ತಿ ಜಾಸ್ತಿಯಾದುದರ ಜೊತೆಗೆ ಆ ಏಳರಲ್ಲಿ ಮೂರು ಸಾಕು. ಮನಸ್ಸು ಉಬ್ಬದೆ ಬರೀ ಸಿಡುಕು ಇದ್ದರೆ ನಾಲ್ಕು ಬೇಕು. ಕಿರಣನ ಈ ಒಂದು ಫೋನ್ ಮಾತಿನಲ್ಲೇ ಅವುಗಳಲ್ಲಿ ಬಹುಪಾಲು ಬಂದುಹೋಯಿತು.

ಅದೇ ಮೂರು ಗಂಟೆಗೆ ವಸಂತನೂ ಎದ್ದಿದ್ದಾನೆ. ಅಕ್ಕನ ಫೋನ್ ಅವನ ಕೈಯಲ್ಲಿದೆ. ಬ್ಯಾಂಕಿನಿಂದ ಬಂದ ಮೆಸೇಜುಗಳನ್ನು ಒಂದೊಂದಾಗಿ ಅಳಿಸುತ್ತಿದ್ದಾನೆ. ಕೆಲಸ ಮುಗಿಯಿತು, ಫೋನನ್ನು ಮೊದಲಿದ್ದ ಜಾಗದಲ್ಲೇ, ಮೊದಲಿದ್ದ ಹಾಗೇ ಬೋರಲಾಗಿ ಇಟ್ಟ. ಹೋಗಿ ಮಲಗಿದ. ಮಧ್ಯಾಹ್ನದವರೆಗೆ ಏಳಲಿಲ್ಲ.

ಅವನೂ ನಿದ್ದೆಗೆಟ್ಟ, ನಿಜ. ಆದರೆ ಅವನ ಮೈಗೆ ನಿದ್ದೆ ಬೇಕಿತ್ತು. ಬೇಕಿದ್ದನ್ನು ಕೆಲಸಕ್ಕಾಗಿ ಮುಂದೂಡಿದ, ಆಮೇಲೆ ತೀರಿಸಿಕೊಂಡ. ನಿದ್ದೆ ಬಾರದೆ ಒದ್ದಾಡುವುದು, ನಿದ್ದೆಗೆಟ್ಟು ಕೆಲಸ ಮಾಡುವುದು, ನಿದ್ದೆಯೇ ಬೇಡವಾಗುವುದು, ಇವು ಮೂರೂ ಬೇರೆ ಬೇರೆ. ಮೇನಿಯಾದಲ್ಲಿ ಕಾಣುವುದು ಮೂರನೆಯದು. ಓದುವಾಗ ಪೆನ್ಸಿಲ್ ಹಿಡಿದು ನಿದ್ದೆಯ ಮಾತು ಬಂದಲ್ಲೆಲ್ಲ ಗೆರೆ ಎಳೆಯಿರಿ.

ಹಂತ 3: ಹದಿನೈದರ ಹಿಂದಕ್ಕೆ ಹೋಗಿ

ಸಮಾಜವಿರೋಧಿ ವ್ಯಕ್ತಿತ್ವ ದೋಷ ಎನ್ನಲು ಡಿಎಸ್‌ಎಂ ಹಾಕುವ ಷರತ್ತು ಕಟ್ಟುನಿಟ್ಟಾದದ್ದು. ವಯಸ್ಸು 18 ತುಂಬಿರಬೇಕು. 15 ತುಂಬುವ ಮುಂಚೆಯೇ ನಡತೆಯಲ್ಲಿ ಗಂಭೀರ ತೊಂದರೆ ಕಂಡಿರಬೇಕು. ಸಣ್ಣ ಮಕ್ಕಳ ತುಂಟತನದ ಮಾತಲ್ಲ ಇದು. ಬೇರೆ ಮಕ್ಕಳನ್ನು ಹಿಂಸಿಸುವುದು, ಪ್ರಾಣಿಗಳಿಗೆ ನೋವು ಕೊಡುವುದು, ಬೇಕೆಂದೇ ಬೆಂಕಿ ಇಡುವುದು, ಕದಿಯುವುದು, ಪದೇ ಪದೇ ಮನೆ ಬಿಟ್ಟು ಓಡಿಹೋಗುವುದು, ಇಂಥವು.

ಬೈಪೋಲಾರ್ ಸಾಮಾನ್ಯವಾಗಿ ತಲೆ ಎತ್ತುವುದು ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಆಚೀಚೆ. ಹಾಗಾಗಿ ಪಾತ್ರದ ಬಾಲ್ಯದ ಬಗ್ಗೆ ಕಥೆ ಏನು ಹೇಳುತ್ತದೆ ಎಂದು ಹುಡುಕಿ. ಕಿರಣನ ಅಕ್ಕನಿಗೆ ನೆನಪಿರುವ ಕಿರಣ ಬೇರೆಯೇ. ‘ಅವನು ಹೀಗಿರಲಿಲ್ಲ’ ಎನ್ನುತ್ತಾಳೆ. ವಸಂತನ ಅಕ್ಕ ಹೇಳುವುದು ‘ಅವನು ಮೊದಲಿಂದಲೂ ಹೀಗೇ’ ಎಂದು. ಮನೆಯವರ ಬಾಯಿಂದ ಬರುವ ಈ ಎರಡು ಮಾತಿಗೆ ನಾನು ತುಂಬಾ ಬೆಲೆ ಕೊಡುತ್ತೇನೆ.

ನಲವತ್ತೈದರವರೆಗೆ ಮೃದುವಾಗಿದ್ದ ಮನುಷ್ಯ ಥಟ್ಟನೆ ಕರುಣೆ ಇಲ್ಲದವನಾದರೆ ಈ ಎರಡು ಹೆಸರುಗಳ ಆಚೆಗೂ ಯೋಚಿಸಬೇಕು. ಮಿದುಳಿನ ಮುಂಭಾಗಕ್ಕೆ ಪೆಟ್ಟು ಬಿದ್ದಾಗ, ಅಲ್ಲಿ ಗಡ್ಡೆ ಬೆಳೆದಾಗ, ಕೆಲವು ಬಗೆಯ ಮರೆಗುಳಿ ಕಾಯಿಲೆಗಳಲ್ಲಿ ಸ್ವಭಾವವೇ ಬದಲಾಗುವುದುಂಟು. 1848ರಲ್ಲಿ ಅಮೆರಿಕದ ರೈಲು ದಾರಿಯ ಕೆಲಸದಲ್ಲಿ ಫಿನಿಯಾಸ್ ಗೇಜ್ ಎಂಬ ಮೇಸ್ತ್ರಿಯ ತಲೆಯನ್ನು ಕಬ್ಬಿಣದ ಸಲಾಕೆ ತೂರಿಕೊಂಡು ಹೋಯಿತು. ಅವನು ಬದುಕಿದ. ಆದರೆ ‘ಗೇಜ್ ಈಗ ಗೇಜ್ ಅಲ್ಲ’ ಎಂದು ಅವನ ಗೆಳೆಯರು ಹೇಳಿದರು ಎಂದು ವೈದ್ಯರು ಬರೆದಿಟ್ಟಿದ್ದಾರೆ.

ಹಂತ 4: ಸುಳ್ಳು ಯಾರಿಗಾಗಿ?

ವಸಂತ ಅಮ್ಮನ ಮುಂದೆ ಅಳುತ್ತಾನೆ. ಅಕ್ಕನ ಮೇಲೆ ರೇಗುತ್ತಾನೆ. ಭಾವನ ಹೆಗಲ ಮೇಲೆ ಕೈ ಹಾಕಿ ‘ಈ ಹೆಂಗಸರಿಗೆ ಲೆಕ್ಕ ಅರ್ಥ ಆಗಲ್ಲ ಬಿಡಿ ಭಾವ’ ಎಂದು ನಗುತ್ತಾನೆ. ಒಂದೇ ಹಣಕ್ಕೆ ಮೂವರಿಗೆ ಮೂರು ಕಥೆ. ಪ್ರತಿಯೊಂದೂ ಕೇಳುವವರ ಅಳತೆಗೆ ಹೊಲಿದದ್ದು. ಭಾವನಿಗೆ ತನ್ನ ಹೆಂಡತಿಯ ಮೇಲೆ ಎಲ್ಲಿ ಸಣ್ಣ ಅಸಮಾಧಾನ ಇದೆ ಎಂದು ಅವನಿಗೆ ಮೊದಲೇ ಗೊತ್ತು.

ಕಿರಣ ಎಲ್ಲರಿಗೂ ಒಂದೇ ಕಥೆ ಹೇಳುತ್ತಾನೆ. ಅಕ್ಕನಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಪೊಲೀಸರಿಗೆ. ‘ಎರಡೇ ವಾರ, ಹತ್ತು ಪಟ್ಟು ವಾಪಸ್ ಬರುತ್ತೆ’ ಎನ್ನುತ್ತಾನೆ. ಹೊರಗಿನವರಿಗೆ ಇದು ಸುಳ್ಳು. ಅವನಿಗೆ ಆ ಹೊತ್ತಿನಲ್ಲಿ ಇದು ನಿಜ. ಅಕ್ಕ ನಂಬದಿದ್ದರೆ ಅವನಿಗೆ ಅರ್ಥವೇ ಆಗುವುದಿಲ್ಲ, ಇಷ್ಟು ಸ್ಪಷ್ಟವಾಗಿದ್ದದ್ದು ಇವಳಿಗೆ ಯಾಕೆ ಕಾಣುತ್ತಿಲ್ಲ ಎಂದು. ಅವನ ಸಿಡುಕು ಹುಟ್ಟುವುದು ಅಲ್ಲಿ. ಮೇನಿಯಾ ತೀರಾ ಏರಿದರೆ ಭ್ರಮೆಯೇ ಕವಿಯಬಹುದು. ತನಗೆ ವಿಶೇಷ ಶಕ್ತಿ ಇದೆ, ತಾನೇ ಲೋಕ ಉಳಿಸುವವನು ಎಂದೆಲ್ಲ ನಂಬುವವರಿದ್ದಾರೆ. ಸಮಾಜವಿರೋಧಿ ವ್ಯಕ್ತಿತ್ವ ದೋಷ ಒಂದರಿಂದಲೇ ಇಂಥ ಭ್ರಮೆ ಬರುವುದಿಲ್ಲ.

ಒಂದು ಎಚ್ಚರಿಕೆ. ಬೈಪೋಲಾರ್ ಇರುವವರೂ ಎಲ್ಲರ ಹಾಗೆ ಮನುಷ್ಯರು. ಮಾತ್ರೆ ನಿಲ್ಲಿಸಿದ್ದನ್ನು ಮುಚ್ಚಿಡುತ್ತಾರೆ, ನಾಚಿಕೆಗೆ ಒಂದು ಸುಳ್ಳು ಹೇಳುತ್ತಾರೆ. ಒಂದು ಸುಳ್ಳು ಸಿಕ್ಕ ತಕ್ಷಣ ತೀರ್ಪು ಕೊಡಬೇಡಿ. ಸುಳ್ಳಿನಿಂದ ಯಾರಿಗೆ ಏನು ದಕ್ಕಿತು ಎಂದು ಕೇಳಿ.

ಹಂತ 5: ಬಿರುಗಾಳಿ ನಿಂತ ಮೇಲೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಐದು ವಾರ ಕಳೆದಿದೆ. ಕಿರಣನ ಕೋಣೆಯ ಪರದೆ ಎಳೆದಿದೆ. ಅವನು ಸ್ನಾನ ಮಾಡಿ ಆರು ದಿನ ಆಗಿದೆ. ಗೋಡೆಯ ಮೇಲಿನ ನಕ್ಷೆ ಕಾಣದಂತೆ ಅದರ ಮೇಲೆ ಹಳೆಯ ಬೆಡ್‌ಶೀಟ್ ಇಳಿಬಿಟ್ಟಿದ್ದಾನೆ. ದಿಂಬಿನ ಕೆಳಗೆ ಒಂದು ಚೀಟಿ. ಅಕ್ಕನಿಗೆ ಎಷ್ಟು, ಗಾಡಿಯವನಿಗೆ ಎಷ್ಟು, ಗೆಳೆಯನಿಗೆ ಎಷ್ಟು ಎಂದು ಬರೆದಿದ್ದಾನೆ. ಕೊನೆಯ ಸಾಲಿನಲ್ಲಿ ಅಪ್ಪನ ಹೆಸರಿದೆ. ಅಪ್ಪನಿಗೆ ಅವನು ಏನೂ ಕೊಡಬೇಕಿಲ್ಲ. ಆದರೂ ಬರೆದಿದ್ದಾನೆ. ಅಕ್ಕ ತಟ್ಟೆ ಹಿಡಿದು ಬಂದರೆ ಗೋಡೆ ಕಡೆ ಹೊರಳುತ್ತಾನೆ.

ಮಾಡಿದ್ದಕ್ಕೆ ಅಷ್ಟೇ ಅಲ್ಲ, ಮಾಡದ್ದಕ್ಕೂ ತನ್ನನ್ನೇ ಹಳಿದುಕೊಳ್ಳುವುದು ಡಿಪ್ರೆಶನ್ನಿನ ಲಕ್ಷಣ. ಆ ಚೀಟಿಯನ್ನು ಯಾರೂ ನೋಡಲಿ ಎಂದು ಅವನು ಬರೆದಿಲ್ಲ. ಅದೇ ಮುಖ್ಯ. ಎದುರಿಗೆ ಯಾರೂ ಇಲ್ಲದಾಗ ಪಾತ್ರ ಏನು ಮಾಡುತ್ತದೆ ಎಂದು ನೋಡಿ.

ವಸಂತನೂ ಕ್ಷಮೆ ಕೇಳುತ್ತಾನೆ. ಅವನ ಮಾತು ಹೀಗಿರುತ್ತದೆ: ‘ಸಾರಿ ಅಕ್ಕಾ, ತಪ್ಪಾಯ್ತು. ಆದ್ರೆ ನೀನೂ ಪಾಸ್‌ವರ್ಡ್ ಅಲ್ಲೇ ಬರೆದಿಟ್ಟಿದ್ದೆ ಅಲ್ವಾ?’ ಮೊದಲ ವಾಕ್ಯದಲ್ಲಿ ತಪ್ಪು ಮಾಡಿದವರು ಯಾರೂ ಇಲ್ಲ, ತಪ್ಪು ತಾನಾಗಿ ಆಗಿದೆ. ಎರಡನೆಯದರಲ್ಲಿ ತಪ್ಪು ಅಕ್ಕನದ್ದು. ಪೊಲೀಸ್ ಕಂಪ್ಲೇಂಟ್ ಹೋಗುವುದಿಲ್ಲ ಎಂದು ಗೊತ್ತಾದ ದಿನ ಅವನ ಮುಖದ ದುಃಖವೂ ಹೋಗುತ್ತದೆ. ಎರಡು ತಿಂಗಳಲ್ಲಿ ಅದೇ ಕೆಲಸ ಇನ್ನೊಬ್ಬರ ಖಾತೆಯಲ್ಲಿ.

ಹಾಗೆಂದು ಸೋಶಿಯೋಪಾತ್ ಪಾತ್ರಕ್ಕೆ ದುಃಖವೇ ಇರುವುದಿಲ್ಲ ಎಂದು ತಿಳಿಯಬೇಡಿ. ಅವನಿಗೂ ಬೇಸರ ಬರುತ್ತದೆ, ಖಿನ್ನತೆಯೂ ಬರಬಹುದು. ಆದರೆ ಅದು ಹೆಚ್ಚಾಗಿ ಸಿಕ್ಕಿಬಿದ್ದದ್ದಕ್ಕೆ, ತಾನು ಕಳೆದುಕೊಂಡದ್ದಕ್ಕೆ. ಇನ್ನೊಂದು ಮಾತು. ಡಿಎಸ್‌ಎಂ ಇದಕ್ಕೆ ಕೊಡುವ ಏಳು ಗುರುತುಗಳಲ್ಲಿ ಪಶ್ಚಾತ್ತಾಪ ಇಲ್ಲದಿರುವುದು ಒಂದು ಮಾತ್ರ. ಕಾನೂನು ಮುರಿಯುವುದು, ಮೋಸ, ಹಿಂದೆಮುಂದೆ ಯೋಚಿಸದೆ ನುಗ್ಗುವುದು, ಹೊಡೆದಾಟ, ತನ್ನ ಅಥವಾ ಬೇರೆಯವರ ಜೀವದ ಬಗ್ಗೆ ಉಡಾಫೆ, ಕೆಲಸ ಮತ್ತು ಹಣದ ವಿಷಯದಲ್ಲಿ ಬೇಜವಾಬ್ದಾರಿ, ಇವು ಉಳಿದವು. ಮೂರು ಸೇರಿದರೆ ಸಾಕು. ಆದ್ದರಿಂದ ಒಂದು ಹನಿ ಕಣ್ಣೀರು ಕಂಡಿತೆಂದು ಪಾತ್ರವನ್ನು ಪಟ್ಟಿಯಿಂದ ಹೊಡೆದುಹಾಕಬೇಡಿ.

ಹಂತ 6: ಔಷಧಿ ಮಾಡಿದ್ದೇನು?

ಕಥೆಯಲ್ಲಿ ಚಿಕಿತ್ಸೆ ಬಂದರೆ ಅದು ಒಳ್ಳೆಯ ಪರೀಕ್ಷೆ. 1949ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್, ಲಿಥಿಯಂ ಎಂಬ ಲವಣ ಉನ್ಮಾದವನ್ನು ಇಳಿಸುತ್ತದೆ ಎಂದು ಬರೆದರು. ಇವತ್ತಿಗೂ ಬೈಪೋಲಾರ್ ಚಿಕಿತ್ಸೆಯಲ್ಲಿ ಅದಕ್ಕೆ ದೊಡ್ಡ ಜಾಗ ಇದೆ. ಲಿಥಿಯಂ ತೆಗೆದುಕೊಳ್ಳುವ ಪಾತ್ರ ಆಗಾಗ ರಕ್ತ ಪರೀಕ್ಷೆಗೆ ಹೋಗಬೇಕಾಗುತ್ತದೆ. ಬಾಯಾರಿಕೆ ಜಾಸ್ತಿ ಆಗಬಹುದು, ಲೋಟ ಹಿಡಿದ ಕೈ ಸಣ್ಣಗೆ ನಡುಗಬಹುದು. ಇಂಥ ಸಣ್ಣ ವಿವರ ಕಂಡರೆ ಬರೆದವರು ವಿಷಯ ತಿಳಿದೇ ಬರೆದಿದ್ದಾರೆ ಎಂದು ನನಗೆ ಸಮಾಧಾನ ಆಗುತ್ತದೆ.

ಔಷಧಿಯಿಂದ ಕಿರಣ ಬೇರೆ ಮನುಷ್ಯ ಆಗುವುದಿಲ್ಲ. ತನ್ನ ಹಳೆಯ ತಾನಾಗುತ್ತಾನೆ. ಇಲ್ಲೊಂದು ನಿಜವಾದ ನೋವು ಇದೆ, ಕಥೆಗಾರರು ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಏರಿನ ದಿನಗಳ ಬೆಳಕನ್ನು ನೆನೆದು ಮಾತ್ರೆ ಬಿಡುವವರಿದ್ದಾರೆ. ನನ್ನ ಗೆಳತಿ ಹೇಳುತ್ತಾಳೆ, ಆ ದಿನಗಳಲ್ಲಿ ಹಾಡೊಂದು ಕಿವಿಗೆ ಬಿದ್ದರೆ ಪ್ರತಿ ವಾದ್ಯವೂ ಬೇರೆ ಬೇರೆಯಾಗಿ ಕೇಳಿಸುತ್ತಿತ್ತಂತೆ. ಅದನ್ನು ಬಿಟ್ಟುಕೊಡುವುದು ಸುಲಭ ಅಲ್ಲ.

ವಸಂತನಿಗೆ ಹಾಗೆ ಒಂದು ಮಾತ್ರೆ ಇಲ್ಲ. ಸಮಾಜವಿರೋಧಿ ವ್ಯಕ್ತಿತ್ವ ದೋಷವನ್ನೇ ಗುರಿಯಿಟ್ಟು ಒಪ್ಪಿಗೆ ಪಡೆದ ಔಷಧಿ ಯಾವುದೂ ಇಲ್ಲ. ವಯಸ್ಸಾದಂತೆ, ನಲವತ್ತರ ನಂತರ, ಎಷ್ಟೋ ಜನರಲ್ಲಿ ಹೊಡೆದಾಟ, ನುಗ್ಗುವ ಸ್ವಭಾವ ತಗ್ಗುತ್ತದೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ಅಷ್ಟರಮಟ್ಟಿಗೆ ಇಲ್ಲಿ ಸುಳ್ಳು. ಆದರೆ ಕರಡಿನಲ್ಲಿ ಕ್ರೂರಿಯೊಬ್ಬ ಒಂದು ತಿಂಗಳ ಮಾತ್ರೆಯಿಂದ ಕರುಣಾಳು ಆಗಿಬಿಟ್ಟರೆ, ಒಂದೋ ಅವನಿಗೆ ಮೊದಲಿಂದಲೂ ಇದ್ದದ್ದು ಬೈಪೋಲಾರ್, ಇಲ್ಲಾ ಲೇಖಕರು ದಾರಿ ತಪ್ಪಿದ್ದಾರೆ.

ಹಂತ 7: ಹಿಂಸೆಯನ್ನು ಸಾಕ್ಷಿಯಾಗಿ ಇಡಬೇಡಿ

ಪಾತ್ರ ಕೊಲೆ ಮಾಡಿತು ಎನ್ನುವುದರಿಂದ ಎರಡರಲ್ಲಿ ಯಾವುದೂ ಸಾಬೀತಾಗುವುದಿಲ್ಲ. ಬೈಪೋಲಾರ್ ಇರುವ ಬಹುತೇಕ ಜನ ಯಾರಿಗೂ ಕೈ ಎತ್ತಿದವರಲ್ಲ. ಕುಡಿತ, ಮಾದಕ ವಸ್ತು ಸೇರಿದಾಗ ಹಿಂಸೆಯ ಸಾಧ್ಯತೆ ಹೆಚ್ಚುತ್ತದೆ. ನಿಜವಾದ ಅಪಾಯ ಹೆಚ್ಚಾಗಿ ತಮಗೇ, ಆತ್ಮಹತ್ಯೆಯ ರೂಪದಲ್ಲಿ. ಇನ್ನು ಸೋಶಿಯೋಪಾತ್ ಎಂದರೆ ಕೊಲೆಗಾರ ಎಂದೂ ಅಲ್ಲ. ಹೆಚ್ಚಿನವರ ಹಾನಿ ಮನೆಯೊಳಗೆ, ಆಫೀಸಿನೊಳಗೆ, ಸಾಲದ ಪತ್ರದೊಳಗೆ ನಡೆಯುತ್ತದೆ.

ಹಂತ 8: ಮೂರನೆಯದೂ ಇರಬಹುದು, ಎರಡೂ ಇರಬಹುದು

ಒಂದೋ ಅದು, ಇಲ್ಲಾ ಇದು ಎಂದು ಹಟ ಹಿಡಿಯಬೇಡಿ. ಮನಸ್ಥಿತಿ ಗಂಟೆಗಳ ಲೆಕ್ಕದಲ್ಲಿ ಬದಲಾಗುತ್ತಾ, ಪ್ರತಿ ಸಲವೂ ಅದರ ಹಿಂದೆ ‘ಅವರು ನನ್ನನ್ನು ಬಿಟ್ಟುಹೋಗುತ್ತಾರೆ’ ಎಂಬ ಭಯ ಇದ್ದರೆ ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷದ ಬಗ್ಗೆ ಓದಿಕೊಳ್ಳಿ. ಕೆಲವು ಮಾದಕ ವಸ್ತುಗಳು ಮೇನಿಯಾವನ್ನೇ ಹೋಲುವ ಸ್ಥಿತಿ ತರುತ್ತವೆ. ಥೈರಾಯ್ಡ್ ಅತಿಯಾದರೂ ಅಂಥ ಚಡಪಡಿಕೆ ಬರಬಹುದು.

ಒಬ್ಬರಲ್ಲೇ ಎರಡೂ ಇರುವುದೂ ಉಂಟು. ಡಿಎಸ್‌ಎಂ ಇದಕ್ಕೆ ಒಂದು ಸ್ಪಷ್ಟ ಮಾತು ಇಟ್ಟಿದೆ. ಸಮಾಜವಿರೋಧಿ ನಡತೆ ಬರೀ ಬೈಪೋಲಾರ್ ಅಥವಾ ಸ್ಕಿಜೋಫ್ರೇನಿಯಾ ಕಾಡುವ ಅವಧಿಯಲ್ಲಿ ಮಾತ್ರ ಕಂಡರೆ ಅದನ್ನು ವ್ಯಕ್ತಿತ್ವ ದೋಷ ಎನ್ನುವಂತಿಲ್ಲ. ನಾವು ಮೊದಲ ಹಂತದಲ್ಲಿ ಗೆರೆ ಹಾಕಿದ ಹಾಳೆ ಈಗ ಮತ್ತೆ ಬೇಕು. ಏರಿಳಿತದ ಗುಂಪುಗಳೂ ಇದ್ದು, ನಡುವಿನ ಸಮಾಧಾನದ ತಿಂಗಳುಗಳಲ್ಲೂ ಚುಕ್ಕಿಗಳು ಬಿದ್ದಿದ್ದರೆ ಎರಡನ್ನೂ ಯೋಚಿಸಿ.

ಹಂತ 9: ಕಥೆ ಹೇಳುತ್ತಿರುವವರು ಯಾರು?

ಬಿಟ್ಟುಹೋದ ಗಂಡನ ಬಗ್ಗೆ ಹೆಂಡತಿ ಹೇಳುವ ಕಥೆಯಲ್ಲಿ ಅವನು ಸೋಶಿಯೋಪಾತ್ ಆಗಿಯೇ ಕಾಣಬಹುದು. ಅವಳಿಗೆ ಕಂಡದ್ದು ಜಗಳದ ದಿನಗಳು ಮಾತ್ರ. ಅವನು ಬೇರೆ ಊರಿನಲ್ಲಿ ಮೂರು ವಾರ ಹಾಸಿಗೆಯಿಂದ ಏಳದೆ ಇದ್ದದ್ದು ಅವಳಿಗೆ ಗೊತ್ತಿಲ್ಲ. ಪಾತ್ರವೇ ತನ್ನ ಕಥೆ ಹೇಳುತ್ತಿದ್ದರೆ ಇನ್ನೂ ಹುಷಾರಾಗಿರಿ. ಮೇನಿಯಾದ ನಡುವೆ ಇರುವವರಿಗೆ ತಮಗೆ ಕಾಯಿಲೆ ಇದೆ ಎಂದು ಅನ್ನಿಸುವುದೇ ಅಪರೂಪ. ವಸಂತನಂಥವನು ಕಥೆ ಹೇಳಿದರೆ ‘ನನಗೆ ಬೈಪೋಲಾರ್ ಇತ್ತು, ಹಾಗಾಗಿ ಮಾಡಿದೆ’ ಎಂದು ಅದನ್ನೇ ಗುರಾಣಿ ಮಾಡಿಕೊಳ್ಳಬಲ್ಲ. ‘ಆರು ತಿಂಗಳ ನಂತರ’ ಎಂದು ಅಧ್ಯಾಯ ಜಿಗಿದಲ್ಲೆಲ್ಲ ಆ ಆರು ತಿಂಗಳಲ್ಲಿ ಏನಾಯಿತು ಎಂಬುದಕ್ಕೆ ಬೇರೆ ಪಾತ್ರಗಳ ಮಾತಿನಲ್ಲಿ ಸುಳಿವು ಹುಡುಕಿ. ಸುಳಿವೇ ಸಿಗದಿದ್ದರೆ ‘ಹೇಳಲಾಗದು’ ಎಂದು ಬರೆದುಕೊಳ್ಳಿ. ಅದೂ ಪ್ರಾಮಾಣಿಕ ಉತ್ತರವೇ.

ಒಂದು ಪಾತ್ರ, ಮೊದಲಿನಿಂದ ಕೊನೆಯವರೆಗೆ

ಪ್ರತಿಮಾ ಎಂಬ ಪಾತ್ರ ಇಟ್ಟುಕೊಳ್ಳೋಣ. ಮೂವತ್ತೆಂಟು ವರ್ಷ, ಸ್ವಂತ ಕಂಪನಿ. ಮೊದಲ ಅಧ್ಯಾಯದಲ್ಲಿ ಮಾತಿನ ಮಲ್ಲಿ, ಎಲ್ಲರನ್ನೂ ಮೋಡಿ ಮಾಡುತ್ತಾಳೆ. ನಾಲ್ಕನೆಯದರಲ್ಲಿ ಪಾಲುದಾರನ ಸಹಿ ತಾನೇ ಹಾಕಿ ದೊಡ್ಡ ಸಾಲ ಎತ್ತುತ್ತಾಳೆ. ಏಳನೆಯದರಲ್ಲಿ ಎರಡು ತಿಂಗಳು ಕಾಣೆ, ಕಚೇರಿಯಲ್ಲಿ ‘ಮೇಡಂ ಪ್ರವಾಸ ಹೋಗಿದ್ದಾರೆ’ ಎಂಬ ಉತ್ತರ. ಹನ್ನೊಂದನೆಯದರಲ್ಲಿ ವಾಪಸ್ ಬಂದು ತನ್ನ ಮನೆ ಮಾರಿ ಸಾಲ ತೀರಿಸುತ್ತಾಳೆ.

ನಾಲ್ಕನೆಯ ಅಧ್ಯಾಯಕ್ಕೇ ನಿಂತ ಓದುಗರು ಅವಳನ್ನು ಸೋಶಿಯೋಪಾತ್ ಎನ್ನುತ್ತಾರೆ. ಮೋಡಿ, ಮೋಸ, ಧೈರ್ಯ ಎಲ್ಲ ಇದೆಯಲ್ಲ. ಈಗ ಹಂತಗಳನ್ನು ಹಿಡಿದು ಹೋಗಿ. ನಾಲ್ಕನೆಯ ಅಧ್ಯಾಯದಲ್ಲೇ ಡ್ರೈವರ್ ಒಂದು ಮಾತು ಹೇಳಿದ್ದಾನೆ: ‘ಹತ್ತು ದಿನದಿಂದ ಮೇಡಂ ಮನೆಗೇ ಹೋಗಿಲ್ಲ, ಕಾರಲ್ಲೂ ಕಣ್ಣು ಮುಚ್ಚಿಲ್ಲ.’ ಏಳನೆಯದರಲ್ಲಿ ತಮ್ಮ ಬಾಗಿಲು ತೆಗೆದು ನೋಡುತ್ತಾನೆ. ಪ್ರವಾಸ ಇಲ್ಲ ಏನಿಲ್ಲ. ಮುಚ್ಚಿದ ಕಿಟಕಿ, ಮುಟ್ಟದ ತಟ್ಟೆಗಳು, ಹಾಸಿಗೆಯಲ್ಲಿ ಅಕ್ಕ. ‘ಶಾಲೆಯಲ್ಲಿ ಗೆಳತಿ ಒಡೆದ ಗಾಜಿಗೆ ತಾನು ಏಟು ತಿಂದವಳು ಇವಳು’ ಎಂದು ಅವನಿಗೆ ನೆನಪಾಗುತ್ತದೆ. ಮನೆ ಮಾರು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಕ್ಯಾಲೆಂಡರಿನಲ್ಲಿ ಚುಕ್ಕಿಗಳೆಲ್ಲ ಆ ಹತ್ತು ದಿನದ ಸುತ್ತಲೇ ಬಿದ್ದಿವೆ. ಬದುಕನ್ನೇ ಬುಡಮೇಲು ಮಾಡಿದ್ದರಿಂದ ಇದು ಹೈಪೋಮೇನಿಯಾಕ್ಕಿಂತ ಜೋರಾದದ್ದು, ಮೇನಿಯಾ. ಪ್ರತಿಮಾಳದು ಬೈಪೋಲಾರ್ ಕಡೆ ವಾಲುತ್ತದೆ.

ಈಗ ಲೇಖಕರು ಒಂಬತ್ತನೆಯ ಅಧ್ಯಾಯಕ್ಕೆ ಒಂದೇ ಒಂದು ಸಾಲು ಸೇರಿಸಿದರು ಎನ್ನಿ: ‘ಮೂರು ವರ್ಷದ ಹಿಂದೆಯೂ ಅವಳು ಒಮ್ಮೆ ಹೀಗೇ ಸಹಿ ಹಾಕಿದ್ದಳು.’ ಮತ್ತೆ ಯೋಚಿಸಬೇಕಾಗುತ್ತದೆ. ಆ ಸಲವೂ ಅದು ಏರಿನ ದಿನವೇ ಆಗಿದ್ದರೆ ತೀರ್ಮಾನ ಬದಲಾಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಸಮಾಧಾನದ ದಿನದಲ್ಲಿ, ತಣ್ಣಗೆ ಕೂತು ಮಾಡಿದ್ದಾದರೆ ಬೈಪೋಲಾರ್ ಒಂದರಿಂದಲೇ ಅವಳನ್ನು ವಿವರಿಸಲು ಆಗುವುದಿಲ್ಲ. ಇಂಥ ಸಾಲು ಕರಡಿನಲ್ಲಿ ಸಿಕ್ಕಾಗ ನಾನು ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದು ಪ್ರಶ್ನೆ ಬರೆದು ಲೇಖಕರಿಗೆ ವಾಪಸ್ ಕಳಿಸುತ್ತೇನೆ: ‘ಆ ವಾರ ಇವಳು ರಾತ್ರಿ ಎಷ್ಟು ಹೊತ್ತು ಮಲಗುತ್ತಿದ್ದಳು?’